ಮಾತು ಕೇಳದ ಪ್ರತಿ

"ಫೈಲು ಸರ್ವರ್‌ಗೆ ಹಾಕಿದ್ದೀನಿ" ಎಂದು ಹೇಳಿ ಸಂಜೆ ಕಚೇರಿಯಿಂದ ಹೊರಡುವವರ ದನಿಯಲ್ಲಿ ಒಂದು ನಿರಾಳ ಇರುತ್ತದೆ. ಇನ್ನು ಲ್ಯಾಪ್‌ಟಾಪ್ ಕೆಟ್ಟರೂ, ಕಳುವಾದರೂ, ನಾಳೆ ತಾವೇ ರಜೆ ಹಾಕಿದರೂ ಮಾಡಿದ ಕೆಲಸಕ್ಕೆ ಮೋಸವಿಲ್ಲ ಎಂಬ ನಂಬಿಕೆ ಅದು. ಸಂಬಳದ ಪಟ್ಟಿ, ರೋಗಿಯ ಸ್ಕ್ಯಾನ್ ವರದಿ, ಸೇತುವೆಯ ನಕ್ಷೆ, ಟೆಂಡರ್ ಕಡತ, ಮೇಷ್ಟರ ಪಾಠದ ಟಿಪ್ಪಣಿ ಎಲ್ಲವೂ ಈಗ ನಾವು ಕಣ್ಣಾರೆ ಕಾಣದ ಯಾವುದೋ ಕೋಣೆಯ ಡಿಸ್ಕುಗಳಲ್ಲಿ ಕೂತಿವೆ. ನಮ್ಮ ಕಾಲದ ದುಡಿಮೆಯ ಬಹುಪಾಲು ಈ ನಿರಾಳವನ್ನೇ ನೆಚ್ಚಿಕೊಂಡಿದೆ. ಹಾಗಿರುವಾಗ ಅದರ ಆಧಾರವೇನು, ಅದನ್ನು ಎಷ್ಟರಮಟ್ಟಿಗೆ ನಂಬಬಹುದು ಎಂದು ಕೇಳಿಕೊಳ್ಳುವ ಹೊಣೆಯನ್ನು ಕಂಪ್ಯೂಟರ್ ವಿಭಾಗದವರಿಗಷ್ಟೇ ಬಿಟ್ಟುಕೊಡಲಾಗದು. ಬರೆದಿಟ್ಟದ್ದು ಉಳಿಯುವುದು ಹೇಗೆ ಎಂಬ ಪ್ರಶ್ನೆ ಬರವಣಿಗೆಯಷ್ಟೇ ಹಳೆಯದು.

2025ರ ಸೆಪ್ಟೆಂಬರ್ 26ರ ರಾತ್ರಿ ದಕ್ಷಿಣ ಕೊರಿಯಾದ ಸರ್ಕಾರಿ ನೌಕರರಿಗೆ ಈ ಪ್ರಶ್ನೆ ಎದುರಾಯಿತು. ಡೇಜಾನ್ ನಗರದಲ್ಲಿ ಅಲ್ಲಿನ ಸರ್ಕಾರದ ರಾಷ್ಟ್ರೀಯ ಡೇಟಾ ಕೇಂದ್ರವಿದೆ. ಅದರ ಐದನೇ ಮಹಡಿಯಲ್ಲಿ ಯುಪಿಎಸ್‌ನ ಲಿಥಿಯಂ ಬ್ಯಾಟರಿಗಳನ್ನು ಸರ್ವರ್‌ಗಳ ಬಳಿಯಿಂದ ನೆಲಮಾಳಿಗೆಗೆ ಸಾಗಿಸುವ ಕೆಲಸ ನಡೆದಿತ್ತು. ಆ ಕೆಲಸದ ನಡುವೆಯೇ ಬೆಂಕಿ ಹೊತ್ತಿಕೊಂಡಿತು. ಸರ್ಕಾರದ 709 ಗಣಕ ವ್ಯವಸ್ಥೆಗಳು ನಿಂತುಹೋದವು. ಹಲವು ಮತ್ತೆ ಎದ್ದು ನಿಂತವು, ಆದರೆ 'ಜಿ-ಡ್ರೈವ್' ಏಳಲಿಲ್ಲ. ನೌಕರರು ತಮ್ಮ ಕೆಲಸದ ಕಡತಗಳನ್ನು ಇಟ್ಟುಕೊಳ್ಳಲೆಂದು ಸರ್ಕಾರವೇ ಕಟ್ಟಿಸಿದ್ದ ನೆಟ್‌ವರ್ಕ್ ಸಂಗ್ರಹ ಅದು. ತಲೆಗೆ 30 ಗಿಗಾಬೈಟ್ ಜಾಗ. ಬಳಸುತ್ತಿದ್ದವರು ಸುಮಾರು 1,25,000 ಮಂದಿ. ಸುಟ್ಟುಹೋದದ್ದು 858 ಟೆರಾಬೈಟ್. ಗಾತ್ರ ತೀರ ದೊಡ್ಡದೆಂಬ ಕಾರಣಕ್ಕೆ ಬೇರೆ ಊರಿನಲ್ಲಿ ಅದರ ಬ್ಯಾಕಪ್ ಇರಲಿಲ್ಲ.

ಈ ಘಟನೆಯಲ್ಲಿ ಹೆಚ್ಚು ನೋಯಿಸುವುದು ನೌಕರರ ವಿಧೇಯತೆ. ಮೇಜಿನ ಮೇಲಿನ ಕಂಪ್ಯೂಟರಿನಲ್ಲಿ ಕಡತ ಇಟ್ಟುಕೊಳ್ಳಬೇಡಿ, ಜಿ-ಡ್ರೈವ್‌ಗೇ ಹಾಕಿ ಎಂಬ ಸೂಚನೆ ಅವರಿಗಿತ್ತು. ಅದನ್ನು ಚಾಚೂ ತಪ್ಪದೆ ಪಾಲಿಸಿದ ಇಲಾಖೆಗೇ ನಷ್ಟದ ದೊಡ್ಡ ಪಾಲು ಬಂತು. ಮುಂದೆ ಕಳೆದದ್ದನ್ನು ಹುಡುಕತೊಡಗಿದಾಗ ಕೈಹಿಡಿದವು ಯಾವುವು? ಯಾರಿಗೋ ಕಳುಹಿಸಿದ್ದ ಇಮೇಲ್‌ಗಳು, ಪಿಸಿಯಲ್ಲಿ ಉಳಿದುಕೊಂಡಿದ್ದ ಕೆಲವು ಪ್ರತಿಗಳು, ಪ್ರಿಂಟ್ ತೆಗೆದಿಟ್ಟಿದ್ದ ಹಾಳೆಗಳು, ಮಂಜೂರಾತಿಗೆಂದು ಬೇರೊಂದು ವ್ಯವಸ್ಥೆಯೊಳಗೆ ಹೋಗಿದ್ದ ದಾಖಲೆಗಳು. ಒಂದೇ ಕಡೆ ಇಡಬೇಕೆಂಬ ವ್ಯವಸ್ಥೆಯಿಂದ ಹೇಗೋ ಹೊರಗೆ ಜಾರಿದ್ದವಷ್ಟೇ ಮರಳಿ ಸಿಕ್ಕಿದವು. ಶಿಸ್ತಿಗೆ ಸಿಗದೆ ಹೋದದ್ದೇ ಉಳಿಯಿತು ಎಂಬುದನ್ನು ಶಿಸ್ತಿನ ಸೋಲು ಎಂದು ತಿಳಿಯುವುದು ಸುಲಭ. ನನಗೆ ಕಾಣುವುದು ಬೇರೆ. ಉಳಿಯುವಿಕೆಯ ಒಂದು ನಿಯಮ ಅಲ್ಲಿ ತಾನಾಗಿ ಕೆಲಸ ಮಾಡುತ್ತಿತ್ತು. ಅದನ್ನು ನಾವು ಶಿಸ್ತಿನೊಳಗೆ ಇನ್ನೂ ಬರಮಾಡಿಕೊಂಡಿಲ್ಲ.

ಆ ನಿಯಮವನ್ನು ಕಾಣುವ ಮೊದಲು ಕಡತಗಳು ಒಂದೆಡೆ ಸೇರಿದ್ದಕ್ಕೆ ಕಾರಣ ಒಳ್ಳೆಯದೇ ಎಂಬುದನ್ನು ಒಪ್ಪಿಕೊಳ್ಳಬೇಕು. 1956ರಲ್ಲಿ ಐಬಿಎಂ ಕಂಪನಿ ತಂದ ರಾಮ್ಯಾಕ್ ಯಂತ್ರದಲ್ಲಿ 50 ದೊಡ್ಡ ತಟ್ಟೆಗಳಿದ್ದವು; ಅಷ್ಟೂ ಸೇರಿ ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ. ಮುಂದೆ ಮೇಜಿಗೊಂದು ಕಂಪ್ಯೂಟರ್ ಬಂದು, ಪ್ರತಿಯೊಂದರ ಹೊಟ್ಟೆಯಲ್ಲೂ ಒಂದು ಡಿಸ್ಕ್ ಸೇರಿದ ಮೇಲೆ ಕೆಲಸ ಚೂರುಚೂರಾಯಿತು. ಒಬ್ಬರು ತಿದ್ದಿದ್ದು ಇನ್ನೊಬ್ಬರಿಗೆ ಕಾಣದು. ಬರೆದವರು ವರ್ಗವಾಗಿ ಹೋದರೆ ಕಡತವೂ ಅವರ ಪಾಸ್‌ವರ್ಡಿನ ಹಿಂದೆ ಮರೆ. 1984ರಲ್ಲಿ ಸನ್ ಮೈಕ್ರೋಸಿಸ್ಟಮ್ಸ್ ಹೊರತಂದ ನೆಟ್‌ವರ್ಕ್ ಫೈಲ್ ಸಿಸ್ಟಮ್‌ನಂಥ ವ್ಯವಸ್ಥೆಗಳು ದೂರದ ಡಿಸ್ಕನ್ನೂ ತನ್ನ ಯಂತ್ರದ್ದೇ ಎಂಬಂತೆ ತೆರೆಯಲು ದಾರಿ ಮಾಡಿಕೊಟ್ಟವು. ಇವತ್ತಿನ ಶೇರ್ಡ್ ಫೋಲ್ಡರ್, ಸಣ್ಣ ಕಚೇರಿಯ ಮೂಲೆಯಲ್ಲಿ ಹಸಿರು ದೀಪ ಮಿನುಗಿಸುತ್ತಾ ಕೂತಿರುವ ನಾಸ್ ಪೆಟ್ಟಿಗೆ, ದೊಡ್ಡ ಕ್ಲೌಡ್ ಡ್ರೈವ್ ಎಲ್ಲವೂ ಆ ಕುಲದವೇ. ಕಡತ ಒಬ್ಬರ ಸ್ವತ್ತಾಗಿ ಉಳಿಯದೆ ಸಂಸ್ಥೆಯ ಸ್ವತ್ತಾದದ್ದು, ಕಿರಿಯ ಗುಮಾಸ್ತರಿಗೂ ಮೇಲಧಿಕಾರಿಗೂ ಒಂದೇ ಪ್ರತಿ ಕಾಣುವಂತಾದದ್ದು ಇದರಿಂದ. ಅದು ಕಡಿಮೆ ಮಾತಲ್ಲ.

ಒಂದೆಡೆ ಸೇರಿಸಿದ ಮೇಲೆ ಆ ಒಂದು ಎಡೆ ಕೆಡದಂತೆ ನೋಡಿಕೊಳ್ಳಬೇಕಾಯಿತು. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ್‍ಯಾಂಡಿ ಕಾಟ್ಜ್ ಅಗ್ಗದ ಹಲವು ಡಿಸ್ಕುಗಳನ್ನು ಒಟ್ಟಿಗೆ ದುಡಿಸುವ ಕ್ರಮವನ್ನು ಒಂದು ಪ್ರಬಂಧದಲ್ಲಿ ವಿವರಿಸಿ ಅದಕ್ಕೆ 'ರೇಡ್' ಎಂಬ ಹೆಸರಿಟ್ಟರು. ಅದರ ಒಂದು ಬಗೆಯ ತಿರುಳು ಸರಳವಾಗಿದೆ. ನಾಲ್ಕು ದಿನದ ಮನೆಖರ್ಚನ್ನು ಸಾಲಾಗಿ ಬರೆದು ಕೆಳಗೆ ಮೊತ್ತ ಹಾಕಿಟ್ಟಿದ್ದೇವೆ ಎನ್ನೋಣ. ನಡುವಿನ ಒಂದು ಸಾಲಿನ ಮೇಲೆ ನೀರು ಬಿದ್ದು ಅಂಕಿ ಕದಡಿದರೂ ಮೊತ್ತದಿಂದ ಉಳಿದ ಮೂರನ್ನು ಕಳೆದು ಆ ಸಾಲನ್ನು ಮತ್ತೆ ಬರೆಯಬಹುದು. ಹಾಗೆಯೇ ಒಂದು ಡಿಸ್ಕ್ ಸತ್ತರೂ ಉಳಿದವುಗಳ ಲೆಕ್ಕದಿಂದ ಅದರಲ್ಲಿದ್ದದ್ದನ್ನು ಹೊಸ ಡಿಸ್ಕಿನಲ್ಲಿ ಮರಳಿ ಕಟ್ಟಬಹುದು. ಕಚೇರಿಯ ಕೆಲಸ ಒಂದು ಗಳಿಗೆಯೂ ನಿಲ್ಲುವುದಿಲ್ಲ. ಸಾವು ಖಚಿತವಾದ ವಸ್ತುಗಳನ್ನು ಜೋಡಿಸಿ ಅವುಗಳ ಸಾವನ್ನು ದಾಟುವ ವ್ಯವಸ್ಥೆ ಕಟ್ಟಿದ್ದು ಮನುಷ್ಯಬುದ್ಧಿಯ ಸುಂದರ ಸಾಧನೆಗಳಲ್ಲಿ ಒಂದು.

ಆದರೆ ಈ ವ್ಯವಸ್ಥೆ ಕಾಯುವುದು ಡಿಸ್ಕಿನ ಸಾವಿನಿಂದ ಮಾತ್ರ. ಮನುಷ್ಯರ ಅಪ್ಪಣೆಯಿಂದ ಅದು ಏನನ್ನೂ ಕಾಯಲಾರದು. 'ಅಳಿಸು' ಎಂದರೆ ಎಲ್ಲ ಡಿಸ್ಕುಗಳೂ ಒಮ್ಮೆಲೇ ಅಳಿಸುತ್ತವೆ. ತಪ್ಪು ಅಂಕಿ ಬರೆದು ಸೇವ್ ಮಾಡಿದರೆ ಎಲ್ಲ ಪ್ರತಿಗಳಲ್ಲೂ ಆ ತಪ್ಪೇ ನಿಷ್ಠೆಯಿಂದ ಅಚ್ಚಾಗುತ್ತದೆ. ಬಳಕೆದಾರರ ಯಂತ್ರಕ್ಕೆ ನುಗ್ಗಿದ ಸುಲಿಗೆಯ ತಂತ್ರಾಂಶ ಅವರು ತೆರೆಯಬಲ್ಲ ಎಲ್ಲ ಫೋಲ್ಡರುಗಳನ್ನೂ ಅವರದೇ ಅಧಿಕಾರದಲ್ಲಿ ಗೂಢಲಿಪಿಗೆ ತಿರುಗಿಸುತ್ತದೆ. ಸಂಗ್ರಹಕ್ಕೆ ಅದು ಯಜಮಾನರ ಕೈ ಎಂದೇ ಕಾಣುತ್ತದೆ. ಎಲ್ಲರ ಕೈಗೂ ಎಟುಕುವ ಜಾಗ ಎಲ್ಲರ ತಪ್ಪಿಗೂ ಎಟುಕುತ್ತದೆ. ಹಂಚಿಕೊಳ್ಳುವ ಗುಣ ಮತ್ತು ಕಾಪಾಡುವ ಗುಣ ಒಂದೇ ಪೆಟ್ಟಿಗೆಯಲ್ಲಿ ಇರುವಂತೆ ಕಂಡರೂ ಅವುಗಳ ಎಳೆತ ಬೇರೆ ಬೇರೆ ದಿಕ್ಕಿಗೆ. ಮೊದಲನೆಯದಕ್ಕೆ ಹತ್ತಿರ ಬೇಕು, ಎರಡನೆಯದಕ್ಕೆ ದೂರ ಬೇಕು.

1998ರಲ್ಲಿ ಅಮೆರಿಕದ ಪಿಕ್ಸಾರ್ ಸ್ಟುಡಿಯೋದಲ್ಲಿ 'ಟಾಯ್ ಸ್ಟೋರಿ 2' ಚಿತ್ರದ ಕೆಲಸ ನಡೆಯುತ್ತಿದ್ದಾಗ ಯಾರೋ ಕೊಟ್ಟ ಒಂದು ಅಳಿಸುವ ಆಜ್ಞೆ ಸರ್ವರಿನ ಬೇರಿನಿಂದಲೇ ಓಡಿತು. ಪಾತ್ರಗಳು, ದೃಶ್ಯಗಳು ಕಣ್ಣೆದುರೇ ಒಂದೊಂದಾಗಿ ಮಾಯವಾದವು. ಬ್ಯಾಕಪ್ ತೆಗೆದು ನೋಡಿದರೆ ಅದೂ ಸರಿಯಾಗಿ ಆಗಿರಲಿಲ್ಲ. ಚಿತ್ರ ಉಳಿದದ್ದು ಗ್ಯಾಲಿನ್ ಸಸ್‌ಮನ್ ಅವರ ಮನೆಯಲ್ಲಿ. ಚಿತ್ರದ ತಾಂತ್ರಿಕ ಮೇಲ್ವಿಚಾರಕಿಯಾಗಿದ್ದ ಅವರು ಹಸುಗೂಸಿನ ತಾಯಿ. ಮನೆಯಿಂದಲೇ ಕೆಲಸ ಮಾಡಲೆಂದು ಒಂದು ಪೂರ್ತಿ ಪ್ರತಿಯನ್ನು ಮನೆಯ ಯಂತ್ರದಲ್ಲಿ ಇಟ್ಟುಕೊಂಡಿದ್ದರು. ಆ ಯಂತ್ರವನ್ನು ಕಂಬಳಿಯಲ್ಲಿ ಸುತ್ತಿ ಕಾರಿನಲ್ಲಿ ಸ್ಟುಡಿಯೋಗೆ ತಂದರು. ಅದು ತುಸು ಹಳೆಯ ಪ್ರತಿ. ಆ ಹಳೆಯತನವೇ ಅದರ ಬೆಲೆ. ಸರ್ವರಿಗೆ ಕೇಳಿಸಿದ ಆಜ್ಞೆ ಮನೆಯ ಮೂಲೆಯ ಯಂತ್ರಕ್ಕೆ ಕೇಳಿಸಿರಲಿಲ್ಲ.

2017ರ ಜೂನ್ 27ರಂದು ಹಡಗು ಸಾಗಣೆಯ ದೈತ್ಯ ಮೇರ್ಸ್ಕ್ ಸಂಸ್ಥೆಗೆ ನಾಟ್‌ಪೆಟ್ಯಾ ಎಂಬ ಹಾನಿಕಾರಕ ತಂತ್ರಾಂಶ ತಗಲಿತು. ಸಂಸ್ಥೆಯ ನೆಟ್‌ವರ್ಕಿನಲ್ಲಿ ಯಾರು ಯಾರು, ಯಾರಿಗೆ ಎಲ್ಲಿ ಪ್ರವೇಶ ಎಂಬುದನ್ನೆಲ್ಲ ನೆನಪಿಟ್ಟುಕೊಳ್ಳುವ ಡೊಮೈನ್ ಕಂಟ್ರೋಲರ್ ಸರ್ವರುಗಳು ಜಗತ್ತಿನಾದ್ಯಂತ ಸುಮಾರು 150 ಇದ್ದವು. ಒಂದು ಹೋದರೆ ಇನ್ನೊಂದು ಇದೆ ಎಂಬ ಧೈರ್ಯಕ್ಕೆ ಅವು ಸದಾ ಪರಸ್ಪರ ಮಾತಾಡಿಕೊಂಡು ಒಂದೇ ಸ್ಥಿತಿಯಲ್ಲಿರುತ್ತಿದ್ದವು. ಎಲ್ಲವೂ ಒಟ್ಟಿಗೆ ಹೋದವು. ಉಳಿದದ್ದು ಆಫ್ರಿಕಾದ ಘಾನಾ ಕಚೇರಿಯಲ್ಲಿದ್ದ ಒಂದು. ದಾಳಿಯ ಹೊತ್ತಿಗೆ ಅಲ್ಲಿ ಕರೆಂಟು ಹೋಗಿ ಆ ಸರ್ವರ್ ನೆಟ್‌ವರ್ಕಿನಿಂದ ಕಡಿದುಹೋಗಿತ್ತು. ಅದರ ಡೇಟಾವನ್ನು ತಂತಿಯ ಮೂಲಕ ಕಳಿಸಲು ಅಲ್ಲಿನ ಸಂಪರ್ಕ ತೀರ ನಿಧಾನ; ಮರುಕಟ್ಟುವ ಕೆಲಸ ನಡೆಯುತ್ತಿದ್ದ ಬ್ರಿಟನ್ನಿಗೆ ಹೋಗಲು ಘಾನಾದ ಸಿಬ್ಬಂದಿಗೆ ವೀಸಾ ಇಲ್ಲ. ಒಬ್ಬರು ಡಿಸ್ಕನ್ನು ನೈಜೀರಿಯಾಕ್ಕೆ ಒಯ್ದು ಇನ್ನೊಬ್ಬರ ಕೈಗೆ ಕೊಟ್ಟರು, ಅವರು ಲಂಡನ್ನಿಗೆ ಹಾರಿದರು. 4,000 ಸರ್ವರ್, 45,000 ಕಂಪ್ಯೂಟರ್‌ಗಳನ್ನು ಹತ್ತು ದಿನಗಳಲ್ಲಿ ಹೊಸದಾಗಿ ಕಟ್ಟಿ ನಿಲ್ಲಿಸಿದ ಆ ಮಹಾಪ್ರಯತ್ನಕ್ಕೆ ಬೇರು ಒದಗಿಸಿದ್ದು ಕರೆಂಟು ಹೋದ ಒಂದು ಊರು.

ಇವನ್ನು ಅದೃಷ್ಟದ ಕಥೆಗಳೆಂದು ಓದಿ ಮುಚ್ಚಿಡಬಾರದು. ಉಳಿದ ಪ್ರತಿಗಳಿಗೆಲ್ಲ ಒಂದೇ ಲಕ್ಷಣ ಇದೆ: ಅವು ಕೇಂದ್ರದ ಮಾತು ಕೇಳಿಸಿಕೊಳ್ಳಲಿಲ್ಲ. ಕೂಡಲೇ ಒಪ್ಪುವ, ಕ್ಷಣಕ್ಷಣಕ್ಕೂ ಮೂಲದಂತೆ ಬದಲಾಗುವ ಪ್ರತಿಗೆ ನೆನಪಿಲ್ಲ. ಅದಕ್ಕೆ ಇರುವುದು ಈ ಕ್ಷಣ ಮಾತ್ರ. ನೆನಪು ಇರಬೇಕಾದರೆ ಎಲ್ಲೋ ಒಂದು ಕಡೆ ನಿನ್ನೆ ನಿನ್ನೆಯಾಗಿಯೇ ನಿಂತಿರಬೇಕು. ಇವತ್ತಿನ ಆಜ್ಞೆಗೆ ಅದು ಬಗ್ಗಬಾರದು. ತಂತ್ರಜ್ಞರು ಇದನ್ನು ಅನುಭವದಿಂದ ಅರಿತು ಹಲವು ರೂಪದಲ್ಲಿ ಕಟ್ಟಿದ್ದಾರೆ: ಆಯಾ ಹೊತ್ತಿನ ಸ್ಥಿತಿಯನ್ನು ಹಾಗೇ ಹಿಡಿದಿಡುವ ಸ್ನ್ಯಾಪ್‌ಶಾಟ್, ಬರೆದ ಮೇಲೆ ಗೊತ್ತುಮಾಡಿದ ಅವಧಿಯವರೆಗೆ ಯಾರ ಅಪ್ಪಣೆಗೂ ಅಳಿಯದ ಸಂಗ್ರಹ, ಯಂತ್ರದಿಂದ ಹೊರತೆಗೆದು ಬೇರೆ ಕಟ್ಟಡದ ಕಪಾಟಿನಲ್ಲಿಡುವ ಟೇಪು. ಛಾಯಾಗ್ರಾಹಕ ಪೀಟರ್ ಕ್ರೋಗ್ ಜನಪ್ರಿಯಗೊಳಿಸಿದ 3-2-1 ಸೂತ್ರವೂ ಇದನ್ನೇ ಹೇಳುತ್ತದೆ: ಮೂರು ಪ್ರತಿ, ಎರಡು ಬಗೆಯ ಮಾಧ್ಯಮ, ಒಂದು ಬೇರೆ ಊರಲ್ಲಿ. ಈ ಸೂತ್ರದ ಜೀವ ಇರುವುದು ಕೊನೆಯ ಒಂದರಲ್ಲಿ. ಮೂರು ಪ್ರತಿ ಇದ್ದೂ ಮೂರೂ ಒಂದೇ ಅಪ್ಪಣೆಗೆ ತಲೆಯಾಡಿಸಿದರೆ ಅವು ಒಂದೇ ಪ್ರತಿ.

ಇದನ್ನು ಯೋಚಿಸುವಾಗ ಕನ್ನಡಿಗರಿಗೆ ಅತ್ತಿಮಬ್ಬೆ ನೆನಪಾಗದಿರಳು. ಹತ್ತನೇ ಶತಮಾನದ ಆ ಮಹಾತಾಯಿ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳು. ಅಚ್ಚಿನ ಯಂತ್ರವಿಲ್ಲದ ಕಾಲ. ಪ್ರತಿ ಅಕ್ಷರವನ್ನೂ ಲಿಪಿಕಾರ ಓಲೆಗರಿಯ ಮೇಲೆ ಕಂಟದಿಂದ ಕೊರೆಯಬೇಕು, ಮಸಿ ತುಂಬಬೇಕು. ದಾನ ಎಂದು ನಾವು ಅದನ್ನು ಕೊಂಡಾಡುತ್ತೇವೆ, ಕೊಂಡಾಡಬೇಕಾದದ್ದೇ. ಅದರೊಳಗೆ ಉಳಿವಿನ ವಿವೇಕವೂ ಇದೆ. ಸಾವಿರ ಪ್ರತಿಯನ್ನು ಬರೆಸಿ ಒಂದೇ ಬಸದಿಯ ಭಂಡಾರದಲ್ಲಿ ಪೇರಿಸಿಟ್ಟಿದ್ದರೆ ಒಂದು ಕಿಡಿ, ಒಂದು ದಂಡಯಾತ್ರೆ, ಒಂದು ಗೆದ್ದಲ ಹುತ್ತ ಸಾಕಿತ್ತು. ಅವಳು ಪ್ರತಿಗಳನ್ನು ಕೈಬಿಟ್ಟಳು. ಬೇರೆ ಬೇರೆ ಊರಿನ, ಬೇರೆ ಬೇರೆ ಮನೆಗಳ ಕೈಗೆ ಹೋದ ಮೇಲೆ ಅವು ಅವಳ ಮಾತಿಗೂ ಸಿಕ್ಕುವವಲ್ಲ. ಕೊಟ್ಟವಳೇ ಹಿಂದಕ್ಕೆ ಪಡೆಯಲಾರದ ಹಾಗೆ ಕೊಡುವುದರಲ್ಲಿ ಆ ಕೃತಿಯ ಕ್ಷೇಮ ಇತ್ತು. ಒಡೆತನವನ್ನು ಸಡಿಲಿಸದೆ ದೀರ್ಘಾಯುಷ್ಯ ದೊರೆಯದು ಎಂಬುದನ್ನು ಅವಳ ಕೆಲಸ ನಮಗೆ ತೋರಿಸುತ್ತದೆ.

ಇದಕ್ಕೆ ಎದುರಾಗಿ ನಿಲ್ಲುವ ಉದಾಹರಣೆಯೂ ನಮ್ಮ ನೆಲದಲ್ಲೇ ಇದೆ. ಜೈನರ ಆಗಮ ಗ್ರಂಥ ಷಟ್‌ಖಂಡಾಗಮಕ್ಕೆ ವೀರಸೇನಾಚಾರ್ಯರು ಬರೆದ 'ಧವಲಾ' ಟೀಕೆಯ ತಾಳೆಗರಿ ಗ್ರಂಥಗಳು ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಶತಮಾನಗಳ ಕಾಲ ಉಳಿದವು. ಭಾಷೆ ಪ್ರಾಕೃತ, ಲಿಪಿ ಹಳಗನ್ನಡ. ದೂರದೂರದ ಯಾತ್ರಿಕರು ಬಂದು ದರ್ಶನ ಮಾಡಿಕೊಂಡು ಹೋಗುತ್ತಿದ್ದರೇ ಹೊರತು ಓದುವವರು ಇರಲಿಲ್ಲವೆಂಬಷ್ಟು ವಿರಳ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಪ್ರತಿ ಮಾಡುವ ಕೆಲಸ ಆರಂಭವಾಗಿ, 1939ರಿಂದ ಅಚ್ಚಿನ ಸಂಪುಟಗಳು ಬಂದ ಮೇಲೆ ಅದು ವಿದ್ವಾಂಸರೆಲ್ಲರ ಕೈಗೆ ತಲುಪಿತು. ಹಾಗಾದರೆ ಒಂದೇ ಎಡೆಯಲ್ಲಿ ಇಟ್ಟದ್ದು ಅಷ್ಟು ಕಾಲ ಬಾಳಿದ್ದು ಹೇಗೆ? ಪಶ್ಚಿಮ ಕರಾವಳಿಯ ಮಳೆ, ತೇವ, ಹುಳು ತಾಳೆಗರಿಗೆ ಕರುಣೆ ತೋರಿಸುವಂಥವಲ್ಲ. ಕಲ್ಲಿನ ಗೋಡೆಯೊಂದೇ ಅದನ್ನು ಕಾದಿತು ಎನ್ನಲಾಗದು.

ಉತ್ತರದ ಒಂದು ತುದಿ ಜೈನರ ಶ್ರುತಪಂಚಮಿಯಲ್ಲಿ ಸಿಗುತ್ತದೆ. ಜ್ಯೇಷ್ಠ ಶುದ್ಧ ಪಂಚಮಿಯ ಆ ಹಬ್ಬ ನೆನೆಯುವುದು ಷಟ್‌ಖಂಡಾಗಮದ ಬರವಣಿಗೆ ಮುಗಿದ ದಿನವನ್ನು. ಅಂದು ಗ್ರಂಥಗಳನ್ನು ಹೊರತೆಗೆದು, ದೂಳು ಒರೆಸಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುವ ರೂಢಿ. ಗ್ರಂಥ ಇದೆಯೇ, ಹುಳು ಹಿಡಿದಿದೆಯೇ, ದಾರ ಸಡಿಲವಾಗಿದೆಯೇ ಎಂಬ ತಪಾಸಣೆ ಭಕ್ತಿಯ ರೂಪದಲ್ಲಿ ವರ್ಷವರ್ಷವೂ ಮರಳುತ್ತದೆ. ಮಳೆಗಾಲದ ಬಾಗಿಲಲ್ಲೇ ಬರುವ ಹಬ್ಬ ಅದು. ಕಾಪಾಡುವುದೆಂದರೆ ಒಮ್ಮೆ ಇಟ್ಟು ಮರೆಯುವ ಕ್ರಿಯೆಯಲ್ಲ, ಮತ್ತೆ ಮತ್ತೆ ತೆರೆದು ನೋಡುವ ವ್ರತ ಎಂಬ ಅರಿವು ಇಲ್ಲಿ ಆಚರಣೆಯಾಗಿದೆ. ಇಂದಿನ ಒಳ್ಳೆಯ ಸಂಗ್ರಹ ವ್ಯವಸ್ಥೆಗಳಲ್ಲೂ 'ಸ್ಕ್ರಬ್' ಎಂಬ ಕ್ರಿಯೆ ಇದೆ. ಯಾರೂ ಕೇಳದಿದ್ದರೂ ಯಂತ್ರ ನಿಗದಿತ ದಿನ ತನ್ನಲ್ಲಿರುವ ಪ್ರತಿಯೊಂದು ತುಣುಕನ್ನೂ ಓದಿ, ಅಂದು ಬರೆದಿಟ್ಟ ತಾಳೆಗುರುತಿನೊಂದಿಗೆ ಹೋಲಿಸಿ, ಸದ್ದಿಲ್ಲದೆ ಕೆಟ್ಟದ್ದನ್ನು ಸರಿಪಡಿಸುತ್ತದೆ. ಓದದೆ ಬಿಟ್ಟದ್ದು ತನ್ನಷ್ಟಕ್ಕೆ ಕೆಡುತ್ತದೆ ಎಂಬ ಮಾತು ತಾಳೆಗರಿಗೂ ಡಿಸ್ಕಿಗೂ ಸಮಾನ.

ಹೀಗೆ ತೆರೆದು ನೋಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ತಂತ್ರಾಂಶ ಬರೆಯುವವರ ಕೋಡನ್ನು ಇಟ್ಟುಕೊಡುವ ಗಿಟ್‌ಲ್ಯಾಬ್ ಸಂಸ್ಥೆ 2017ರಲ್ಲಿ ತಾನೇ ಬಹಿರಂಗವಾಗಿ ಹೇಳಿಕೊಂಡ ಘಟನೆ ಸಾಕ್ಷಿ. ಜನವರಿ 31ರ ರಾತ್ರಿ ದಣಿದ ಎಂಜಿನಿಯರ್ ಒಬ್ಬರು ತಪ್ಪು ಸರ್ವರಿನಲ್ಲಿ ಅಳಿಸುವ ಆಜ್ಞೆ ಕೊಟ್ಟರು. ಸುಮಾರು 300 ಗಿಗಾಬೈಟ್ ಡೇಟಾ ಹೋಯಿತು. ಬ್ಯಾಕಪ್ಪಿಗೆಂದೇ ಇದ್ದ ಐದು ವಿಧಾನಗಳಲ್ಲಿ ಒಂದೂ ಹೊತ್ತಿಗೆ ಒದಗಲಿಲ್ಲ. ಬ್ಯಾಕಪ್ ವಿಫಲವಾಗುತ್ತಿದೆ ಎಂದು ಎಚ್ಚರಿಸಬೇಕಿದ್ದ ಇಮೇಲ್‌ಗಳೂ ಯಾರನ್ನೂ ತಲುಪಿರಲಿಲ್ಲ. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ಕೈಯಾರೆ ತೆಗೆದಿದ್ದ ಒಂದು ಸ್ನ್ಯಾಪ್‌ಶಾಟ್ ಮಾತ್ರ ಉಳಿದಿತ್ತು. ಐದು ವಿಧಾನಗಳಿದ್ದವು ಎಂಬ ಭಾವನೆಯೇ ಅಲ್ಲಿ ಎಲ್ಲರನ್ನೂ ಮಲಗಿಸಿತ್ತು. ಬ್ಯಾಕಪ್ ಇದೆಯೇ ಎಂದು ಕೇಳಿದರೆ ಯಾವ ಕಚೇರಿಯಲ್ಲಾದರೂ ಇದೆ ಎಂಬ ಉತ್ತರವೇ ಬಂದೀತು. ಅದರಿಂದ ಕೊನೆಯ ಸಲ ಒಂದು ಕಡತವನ್ನು ಮರಳಿ ತೆಗೆದು ಓದಿದ್ದು ಯಾವಾಗ ಎಂಬುದು ಕೇಳಬೇಕಾದ ಪ್ರಶ್ನೆ. ಮರಳಿ ಬಾರದ ತನಕ ಇಟ್ಟದ್ದು ಇದೆ ಎನ್ನಲು ಆಧಾರವಿಲ್ಲ.

ಇಷ್ಟೆಲ್ಲ ಯಾಕೆ ಎನ್ನುವವರಿಗೆ ಕಡತದ ಒಳಗೆ ಯಾರಿದ್ದಾರೆ ಎಂಬುದನ್ನು ನೆನಪಿಸಬೇಕು. ಕರ್ನಾಟಕದಲ್ಲಿ 2000ದ ಸುಮಾರಿಗೆ ರೂಪುಗೊಂಡ 'ಭೂಮಿ' ಯೋಜನೆಯಲ್ಲಿ 67 ಲಕ್ಷ ಭೂಮಾಲೀಕರ ಸುಮಾರು 2 ಕೋಟಿ ಪಹಣಿಗಳು ಗಣಕಕ್ಕೆ ಏರಿದವು. ಗ್ರಾಮ ಲೆಕ್ಕಿಗರ ಕೈಬರಹದ ಪುಸ್ತಕದಿಂದ ಸರ್ವರಿಗೆ ಹೋದ ಆ ಒಂದೊಂದು ಸಾಲಿನ ಹಿಂದೆ ಬೆಳೆ ಸಾಲ, ಮಗಳ ಮದುವೆ, ಅಣ್ಣತಮ್ಮಂದಿರ ಪಾಲು, ತಲೆಮಾರುಗಳ ಬೆವರು ಇದೆ. ಎಂಟು ಎಕರೆಯ ಒಡೆಯ ಸರ್ವರಿನ ಕೋಣೆಯನ್ನು ಎಂದೂ ನೋಡಲಾರ; ಅವನ ಪರವಾಗಿ ನೋಡಬೇಕಾದವರು ಬೇರೆಯವರು. ಕೊರಿಯಾದಲ್ಲಿ ಸುಟ್ಟ 858 ಟೆರಾಬೈಟ್ ಎಂಬ ಸಂಖ್ಯೆಯಲ್ಲೂ ಒಬ್ಬೊಬ್ಬ ನೌಕರನ ವರ್ಷಗಳ ಯೋಚನೆ, ಯಾರಿಗೋ ಸಿಗಬೇಕಿದ್ದ ನ್ಯಾಯದ ತಯಾರಿ ಅಡಗಿತ್ತು. ಕೆಲಸದ ಕಡತ ಎಂದರೆ ಮರಳಿ ಬಾರದ ಗಂಟೆಗಳು ಹೆಪ್ಪುಗಟ್ಟಿದ ರೂಪ. ಯಂತ್ರವನ್ನು ಹೊಸದಾಗಿ ಕೊಳ್ಳಬಹುದು, ಆ ಗಂಟೆಗಳನ್ನು ಕೊಳ್ಳಲಾಗದು.

ಹಾಗಾಗಿ ನೆಟ್‌ವರ್ಕ್ ಸಂಗ್ರಹವನ್ನು ಬಿಟ್ಟು ಹಿಂದಕ್ಕೆ ಹೋಗಬೇಕೆಂದು ನಾನು ಹೇಳಲಾರೆ. ತಲೆಗೊಂದು ಪೆನ್‌ಡ್ರೈವ್ ಹಿಡಿದು ಓಡಾಡುವ ಕಚೇರಿಯಲ್ಲಿ ಕಡತ ಉಳಿಯುವುದಕ್ಕಿಂತ ಸೋರಿಹೋಗುವುದೇ ಹೆಚ್ಚು. ಒಟ್ಟಾಗಿ ದುಡಿಯುವವರಿಗೆ ಒಟ್ಟಾದ ಜಾಗ ಬೇಕೇ ಬೇಕು. ಅದರ ಜೊತೆಗೆ, ಅದರಷ್ಟೇ ಗೌರವದಿಂದ, ಅದರ ಮಾತು ಕೇಳದ ಇನ್ನೊಂದು ಜಾಗವನ್ನೂ ಕಟ್ಟಬೇಕು. ಕೊರಿಯಾದ ನೌಕರರಿಗೆ ಅಕಸ್ಮಾತ್ತಾಗಿ ಒದಗಿದ್ದು, ಸಸ್‌ಮನ್ ಅವರ ಮನೆಯಲ್ಲಿ ಮಗುವಿನ ನೆಪದಲ್ಲಿ ಉಳಿದದ್ದು, ಘಾನಾದಲ್ಲಿ ಕರೆಂಟು ಹೋದದ್ದರಿಂದ ಬದುಕಿದ್ದು ನಮ್ಮಲ್ಲಿ ಯೋಜನೆಯಾಗಿ, ಬಜೆಟ್ಟಿನ ಒಂದು ಸಾಲಾಗಿ, ಯಾರದೋ ಹೆಸರಿಗೆ ಬರೆದ ಜವಾಬ್ದಾರಿಯಾಗಿ ಇರಬೇಕು. ಗಾತ್ರ ದೊಡ್ಡದು, ಖರ್ಚು ಹೆಚ್ಚು ಎಂಬ ಮಾತು ಬಂದಾಗ, ಕಳೆದುಹೋದರೆ ನಷ್ಟ ಅನುಭವಿಸುವವರು ಆ ಸಭೆಯಲ್ಲಿ ಕೂತಿಲ್ಲ ಎಂಬುದನ್ನು ಯಾರಾದರೂ ಎದ್ದು ಹೇಳಬೇಕು.

ಬಳಸುವ ನಮಗೂ ಇದರಲ್ಲಿ ಪಾಲಿದೆ. ಸರ್ವರ್‌ಗೆ ಹಾಕಿದಾಗ ನಮ್ಮ ಕೆಲಸವನ್ನು ಒಪ್ಪಿಸಿದ್ದೇವೆ, ನಮ್ಮ ಕಾಳಜಿಯನ್ನೂ ಒಪ್ಪಿಸಿಬಿಡುವ ಹಕ್ಕು ನಮಗಿಲ್ಲ. ನಮ್ಮ ಕಡತಗಳ ಎರಡನೇ ಪ್ರತಿ ಯಾವ ಊರಿನಲ್ಲಿದೆ, ಇಲ್ಲಿ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆಯೇ, ಕಳೆದ ತಿಂಗಳಿನ ಒಂದು ಕಡತ ಬೇಕೆಂದರೆ ಎಷ್ಟು ಹೊತ್ತಿನಲ್ಲಿ ತೆಗೆದುಕೊಡುತ್ತೀರಿ ಎಂದು ಕಂಪ್ಯೂಟರ್ ವಿಭಾಗದವರನ್ನು ಕೇಳಲು ವಿಶೇಷ ವಿದ್ಯೆ ಬೇಡ. ಕೇಳುವವರಿದ್ದಾರೆ ಎಂದು ತಿಳಿದರೆ ಕಾಯುವವರ ಕೈಗೂ ಬಲ ಬರುತ್ತದೆ. ಖರ್ಚಿನ ಮಂಜೂರಾತಿಗೆ ಅವರು ಒಬ್ಬಂಟಿಯಾಗಿ ಅಲೆಯಬೇಕಾಗುವುದಿಲ್ಲ. ಈ ವಾರವೇ ಒಂದು ಕಡತವನ್ನು ಬ್ಯಾಕಪ್ಪಿನಿಂದ ತರಿಸಿ, ತೆರೆದು, ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿ. ಸಂಜೆಯ ಆ ನಿರಾಳಕ್ಕೆ ಇದಕ್ಕಿಂತ ಗಟ್ಟಿಯಾದ ಆಧಾರ ನನಗೆ ಗೊತ್ತಿಲ್ಲ.